ಹುಸಿ ಸವಾಲು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾಗಿದರೆ ಕಮಲಾಪುರಕ್ಕಿಂತ ಮೊದಲು ಮಹಾಗಾಂವ ಸಿಗುತ್ತದೆ. ಸುತ್ತಲೂ ಎರೆಭೂಮಿ. ಮುಂಗಾರು ಮಳೆಗೆ ಬಿತ್ತಿದ ತೊಗರಿಯು ತಿಂಗಳುಗಟ್ಟಲೆ ಹೊಲದಲ್ಲಿ ನಿಂತು, ಹಳದಿ ಹೂ ಬಿಟ್ಟು, ಕಾಯಿ ಕಟ್ಟಿ, ಚಳಿಗಾಲದಲ್ಲಿ ರಾಶಿಗೆ ಬರುತ್ತದೆ. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವುದು ವಾಡಿಕೆ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಬೆಳೆಯ ಕೀರ್ತಿ ಎಷ್ಟೇ ದೊಡ್ಡದಾಗಿರಲಿ, ರೈತನಿಗೆ ದೊರೆಯುವ ಫಲವು ಒಂದು ದಿನದ, ಕೆಲವೇ ಗಂಟೆಗಳ ವ್ಯವಹಾರದಲ್ಲಿ ನಿರ್ಧಾರವಾಗುತ್ತದೆ. ಆ ವ್ಯವಹಾರವೇ ಹರಾಜು.

ಮಹಾಗಾಂವದ ಒಬ್ಬ ರೈತನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಆತನು ಇಪ್ಪತ್ತು ಕ್ವಿಂಟಲ್ ತೊಗರಿಯನ್ನು ಚೀಲಗಳಲ್ಲಿ ತುಂಬಿಸಿ ಕಲಬುರಗಿಯ ನೆಹರು ಗಂಜಿಗೆ ಒಯ್ದಿದ್ದಾನೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳೂ ಅಂದು ಶಾಲೆಗೆ ರಜೆ ಇದ್ದುದರಿಂದ ಜೊತೆಗೆ ಬಂದಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ತಂದೆಯ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಅವರ ಮಾಲಿಗೆ ಬಂದ ಅತ್ಯುನ್ನತ ಬೆಲೆ ಅದರಲ್ಲಿದೆ. ತಂದೆ ಅದನ್ನು ನೋಡಿ ತಲೆಯಾಡಿಸುತ್ತಾನೆ. ಮಗಳು ಅಡತಿ ಅಂಗಡಿಯ ಗಣಕಯಂತ್ರದ ಪರದೆಯನ್ನು ದಿಟ್ಟಿಸಿ ನೋಡುತ್ತಾಳೆ.

“ಅಪ್ಪಾ, ಗಂಜಿನ್ಯಾಗ ಇಷ್ಟು ಮಂದಿ ಖರೀದಿದಾರರು ಅದಾರ. ನಮ್ಮ ಮಾಲಿಗಿ ಮೂರೇ ಮಂದಿ ಯಾಕ ಬೆಲೆ ಹಾಕ್ಯಾರ?”

“ನನಗೇನು ಗೊತ್ತವ್ವಾ? ಮಷೀನು ಹೇಳಿದ್ದೇ ಬೆಲೆ.”

ತಂದೆಯ ಉತ್ತರದಲ್ಲಿ ನಂಬಿಕೆಯೂ ಇದೆ, ನಿಸ್ಸಹಾಯಕತೆಯೂ ಇದೆ. ಯಂತ್ರವು ಸುಳ್ಳು ಹೇಳುವುದಿಲ್ಲ ಎಂಬುದು ನಿಜ. ಆದರೆ ಯಂತ್ರವು ತನ್ನಷ್ಟಕ್ಕೆ ತಾನು ಬೆಲೆಯನ್ನು ಹೇಳುವುದಿಲ್ಲ. ಮನುಷ್ಯರು ಹೇಳಿದ ಬೆಲೆಗಳನ್ನು ಕೂಡಿಸಿ, ಅವುಗಳಲ್ಲಿ ದೊಡ್ಡದನ್ನು ತೋರಿಸುತ್ತದೆ. ಹೇಳಿದವರ ಮಾತು ಹುಸಿಯಾಗಿದ್ದರೆ ಯಂತ್ರವು ತೋರಿಸುವ ಬೆಲೆಯೂ ಹುಸಿಯಾಗುತ್ತದೆ. ಆದುದರಿಂದ ಮಗಳು ಕೇಳಿದ ಪ್ರಶ್ನೆ ಸಣ್ಣದಲ್ಲ.

ಹರಾಜಿಗೆ ಕನ್ನಡ ನಾಡಿನಲ್ಲಿ ಹಲವು ಹೆಸರುಗಳಿವೆ. ‘ಹರಾಜು’ ಎಂಬ ಶಬ್ದವು ಅರಬ್ಬಿ ಮೂಲದ್ದು. ಉತ್ತರ ಕರ್ನಾಟಕದ ಹಳೆಯ ತಲೆಮಾರಿನವರ ಬಾಯಲ್ಲಿ ಕೇಳಿಬರುವ ‘ಲಿಲಾವು’ ಎಂಬುದು ಪೋರ್ಚುಗೀಜರಿಂದ ಬಂದುದು. ಇದೇ ಅರ್ಥದಲ್ಲಿ ಬಳಕೆಯಲ್ಲಿರುವ ‘ಸವಾಲು’ ಎಂಬ ಶಬ್ದಕ್ಕೆ ಅರಬ್ಬಿಯಲ್ಲಿ ‘ಪ್ರಶ್ನೆ’ ಎಂದು ಅರ್ಥ. ಒಬ್ಬ ಖರೀದಿದಾರನು ಒಂದು ಬೆಲೆಯನ್ನು ಕೂಗಿದಾಗ, “ಇದಕ್ಕಿಂತ ಹೆಚ್ಚು ಕೊಡುವವರು ಯಾರಿದ್ದೀರಿ?” ಎಂದು ಉಳಿದವರನ್ನು ಕೇಳಿದಂತಾಗುತ್ತದೆ. ಉಳಿದವರು ಕೊಡುವ ಉತ್ತರಗಳಿಂದ ಸರಕಿನ ನಿಜವಾದ ಮೌಲ್ಯವು ಹೊರಬೀಳುತ್ತದೆ. ಪ್ರಶ್ನೆ ಕೇಳುವವನೂ ಉತ್ತರ ಕೊಡುವವನೂ ಪ್ರಾಮಾಣಿಕರಾಗಿದ್ದಾಗ ಮಾತ್ರ ಈ ಮಾತು ನಿಜವಾಗುತ್ತದೆ.

ಹಿಂದಿನ ಕಾಲದ ಸಂತೆ ಪೇಟೆಗಳಲ್ಲಿ ಬೆಲೆಯ ಮಾತು ಬಾಯಿಂದ ಬರುತ್ತಿರಲಿಲ್ಲ. ದಲ್ಲಾಳಿಯ ಕೈಯೂ ಖರೀದಿದಾರನ ಕೈಯೂ ಒಂದು ವಸ್ತ್ರದ ಮರೆಯಲ್ಲಿ ಸೇರುತ್ತಿದ್ದವು. ಬೆರಳುಗಳನ್ನು ಹಿಡಿದು ಒತ್ತಿ ಬೆಲೆಯನ್ನು ಸೂಚಿಸುತ್ತಿದ್ದರು. ಪಕ್ಕದಲ್ಲಿಯೇ ನಿಂತ ರೈತನಿಗೆ ತನ್ನ ಮಾಲಿಗೆ ಯಾರು ಎಷ್ಟು ಹೇಳಿದರೆಂಬುದು ತಿಳಿಯುತ್ತಿರಲಿಲ್ಲ. ಕೆಲವು ದನಗಳ ಜಾತ್ರೆಗಳಲ್ಲಿ ಈ ಪದ್ಧತಿ ಇನ್ನೂ ಉಳಿದಿದೆ. ಬ್ರಿಟಿಷ್ ಭಾರತದ ಕೃಷಿಯನ್ನು ಕುರಿತು ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಎಂಬ ಆಯೋಗವು 1928ರಲ್ಲಿ ವರದಿಯನ್ನು ಕೊಟ್ಟು, ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಸಲಹೆ ಮಾಡಿತು. ಆಗ ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದಲ್ಲಿಯೂ 1930ರ ಸುಮಾರಿಗೆ ಕೃಷಿ ಮಾರುಕಟ್ಟೆಯ ಕಾನೂನು ಜಾರಿಗೆ ಬಂದಿತು. 1956ರಲ್ಲಿ ಕಲಬುರಗಿಯು ಅಂದಿನ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಮುಂದೆ ರಾಜ್ಯದ ಎಲ್ಲ ಭಾಗಗಳಿಗೂ ಅನ್ವಯಿಸುವಂತೆ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ರೂಪುಗೊಂಡಿತು. ವಸ್ತ್ರದ ಮರೆ ಸರಿದು ಬಹಿರಂಗ ಸವಾಲು ಬಂದಿತು. ಬಳಿಕ ಅನೇಕ ಕಡೆ, ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಚೀಟಿಯ ಮೇಲೆ ಬೆಲೆಯನ್ನು ಬರೆದು ಪೆಟ್ಟಿಗೆಯಲ್ಲಿ ಹಾಕುವ ಟೆಂಡರ್ ಪದ್ಧತಿಯೂ ನಡೆಯಿತು.

2014ರಲ್ಲಿ ಕರ್ನಾಟಕವು ಮತ್ತೊಂದು ಹೆಜ್ಜೆಯನ್ನು ಮುಂದಿಟ್ಟಿತು. ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಗಣಕ ಜಾಲದಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಪ್ರಾರಂಭವಾಯಿತು. ಇಡೀ ದೇಶಕ್ಕೆ ಅನ್ವಯಿಸುವ ‘ಇ-ನಾಮ್’ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯು ಪ್ರಾರಂಭವಾದುದು ಇದಾದ ಎರಡು ವರ್ಷಗಳ ಮೇಲೆ, 2016ರ ಏಪ್ರಿಲ್ 14ರಂದು. ಹೊಸ ಪದ್ಧತಿಯಲ್ಲಿ ರೈತನ ಮಾಲು ಮಾರುಕಟ್ಟೆಯ ದ್ವಾರದಲ್ಲಿಯೇ ದಾಖಲಾಗಿ, ಅದಕ್ಕೊಂದು ಲಾಟ್ ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಮಾಲನ್ನು ನೋಡಿ, ತಮ್ಮ ಅಂಗಡಿಯಲ್ಲಿ ಕುಳಿತೇ ಗಣಕಯಂತ್ರದ ಮೂಲಕ ಬೆಲೆಯನ್ನು ನಮೂದಿಸುತ್ತಾರೆ. ನಿಗದಿತ ವೇಳೆ ಮುಗಿಯುವವರೆಗೆ ಒಬ್ಬರು ಹಾಕಿದ ಬೆಲೆ ಇನ್ನೊಬ್ಬರಿಗೆ ಕಾಣಿಸುವುದಿಲ್ಲ. ಹಾಕಿದ ಬೆಲೆಯನ್ನು ಏರಿಸಬಹುದೇ ಹೊರತು ಇಳಿಸುವಂತಿಲ್ಲ. ವೇಳೆ ಮುಗಿದ ಮೇಲೆ ಪ್ರತಿಯೊಂದು ಲಾಟಿಗೂ ಅತ್ಯುನ್ನತ ಬೆಲೆ ಹಾಕಿದವರ ಹೆಸರು ಪ್ರಕಟವಾಗಿ, ರೈತನಿಗೆ ಸಂದೇಶ ಹೋಗುತ್ತದೆ. ಆ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಮಾರದೆ ಉಳಿಸಿಕೊಳ್ಳುವ ಹಕ್ಕು ರೈತನಿಗಿದೆ.

ಈ ಬದಲಾವಣೆಯಿಂದ ಲಾಭವಾಯಿತೇ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಕರ್ನಾಟಕದ ಏಕೀಕೃತ ವೇದಿಕೆಯಿಂದ ಭತ್ತದ ಬೆಲೆಯು ಶೇಕಡಾ 5.1ರಷ್ಟೂ, ಶೇಂಗಾದ ಬೆಲೆಯು ಶೇಕಡಾ 3.6ರಷ್ಟೂ, ಮೆಕ್ಕೆಜೋಳದ ಬೆಲೆಯು ಶೇಕಡಾ 3.5ರಷ್ಟೂ ಹೆಚ್ಚಿತು. ಆದರೆ ಎಲ್ಲ ಬೆಳೆಗಳಿಗೂ ಇದೇ ಫಲ ದೊರೆಯಿತೆಂದು ಹೇಳಲಾಗದು. ಬೆಲೆ ಹಾಕುವವರು ಬೆರಳೆಣಿಕೆಯಷ್ಟೇ ಇದ್ದಲ್ಲಿ ಯಂತ್ರವೊಂದೇ ಸ್ಪರ್ಧೆಯನ್ನು ಹುಟ್ಟಿಸಲಾರದು. ವಸ್ತ್ರದ ಮರೆಯಲ್ಲಿ ಕೈಗಳು ಕೂಡುತ್ತಿದ್ದಂತೆ ಪರದೆಯ ಮರೆಯಲ್ಲಿಯೂ ಮನಸ್ಸುಗಳು ಕೂಡಬಹುದು.

ಹಾಗಾದರೆ ಸಾಚಾ ಸವಾಲು ಯಾವುದು, ಹುಸಿ ಸವಾಲು ಯಾವುದು? ಸವಾಲು ಹಾಕಿದವನಿಗೆ ಸರಕು ನಿಜವಾಗಿಯೂ ಬೇಕಾಗಿರಬೇಕು. ಹೇಳಿದ ಬೆಲೆಯನ್ನು ಕೊಡುವ ಮನಸ್ಸೂ ಶಕ್ತಿಯೂ ಆತನಿಗೆ ಇರಬೇಕು. ಆ ಬೆಲೆಯು ಬೇರೆಯವರೊಡನೆ ಗುಟ್ಟಾಗಿ ಗೊತ್ತುಮಾಡಿಕೊಳ್ಳದೆ, ಸ್ವಂತ ಲೆಕ್ಕಾಚಾರದಿಂದ ಬಂದುದಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸವಾಲು ಹುಸಿಯಾಗುತ್ತದೆ. ಹುಸಿ ಸವಾಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೆಲೆಯನ್ನು ಸುಳ್ಳಾಗಿ ಏರಿಸುವುದು. ಇದರಿಂದ ಕೊಳ್ಳುವವನಿಗೆ ನಷ್ಟ. ಇನ್ನೊಂದು, ಬೆಲೆಯನ್ನು ಸುಳ್ಳಾಗಿ ಇಳಿಸುವುದು. ಇದರಿಂದ ಮಾರುವವನಿಗೆ ನಷ್ಟ.

ಮೊದಲನೆಯ ಬಗೆಗೆ ಜಗತ್ತಿನಲ್ಲೆಲ್ಲ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಅಮೆರಿಕದ ‘ಈಬೇ’ ಎಂಬ ಸಂಸ್ಥೆಯು 1995ರಿಂದ ಅಂತರಜಾಲದಲ್ಲಿ ಹರಾಜನ್ನು ನಡೆಸುತ್ತಾ ಬಂದಿದೆ. 2000ದ ಮೇ ತಿಂಗಳಿನಲ್ಲಿ ಅಲ್ಲಿ ಒಂದು ವರ್ಣಚಿತ್ರವು ಹರಾಜಿಗೆ ಬಂದಿತು. ಅದರ ಆರಂಭದ ಬೆಲೆ ಕೇವಲ 25 ಸೆಂಟು, ಎಂದರೆ ಕಾಲು ಡಾಲರು. ಚಿತ್ರವು ಹೆಸರಾಂತ ಕಲಾವಿದನೊಬ್ಬನ ಕೃತಿಯಾಗಿರಬಹುದೆಂಬ ಭ್ರಮೆ ಹುಟ್ಟಿತು. ಬೆಲೆ ಏರುತ್ತಾ ಏರುತ್ತಾ 1,35,805 ಡಾಲರುಗಳನ್ನು ಮುಟ್ಟಿತು. ಕೊನೆಯ ಸವಾಲು ಹಾಕಿದವನು ನೆದರ್ಲೆಂಡ್ಸಿನವನು. ವಿಚಾರಿಸಿ ನೋಡಿದಾಗ, ಮಾರುವವನೇ ಬೇರೆ ಹೆಸರಿನ ಖಾತೆಯಿಂದ ತನ್ನ ಚಿತ್ರಕ್ಕೆ ತಾನೇ ಸವಾಲು ಹಾಕಿದ್ದುದು ಬೆಳಕಿಗೆ ಬಂದಿತು. ಸಂಸ್ಥೆಯು ಮಾರಾಟವನ್ನು ರದ್ದುಪಡಿಸಿತು. 2001ರಲ್ಲಿ ಮೂವರ ಮೇಲೆ ಮೊಕದ್ದಮೆ ಹೂಡಲಾಯಿತು. ಅವರು ಹತ್ತಾರು ಸುಳ್ಳು ಹೆಸರುಗಳನ್ನು ಧರಿಸಿ, ಒಬ್ಬರ ಸರಕಿಗೆ ಇನ್ನೊಬ್ಬರು ಸವಾಲು ಹಾಕುತ್ತಾ ಬೆಲೆಯನ್ನು ಏರಿಸುತ್ತಿದ್ದರು. ಕೊಳ್ಳುವವನು ಪರದೆಯ ಮೇಲೆ ದೊಡ್ಡ ಗುಂಪನ್ನು ಕಂಡಿದ್ದನು. ಆ ಗುಂಪಿನಲ್ಲಿ ಕೆಲವರು ಒಬ್ಬನದೇ ನೆರಳುಗಳಾಗಿದ್ದರು.

ಇಂಥ ನೆರಳನ್ನು ಗುರುತಿಸುವುದು ಹೇಗೆ? ಅಂತರಜಾಲದಲ್ಲಿ ಒಂದು ಹಳೆಯ ಟ್ರ್ಯಾಕ್ಟರು ಹರಾಜಿಗಿದೆ ಎಂದು ಭಾವಿಸಬಹುದು. ಒಬ್ಬನು 1,60,000 ರೂಪಾಯಿಗೆ ಸವಾಲು ಹಾಕುತ್ತಾನೆ. ಕ್ಷಣಮಾತ್ರದಲ್ಲಿ ಅಪರಿಚಿತನೊಬ್ಬನು 1,62,000 ಎನ್ನುತ್ತಾನೆ. ಮೊದಲಿನವನು 1,65,000 ಎಂದರೆ ಅಪರಿಚಿತನು ಒಡನೆಯೇ 1,67,000 ಎನ್ನುತ್ತಾನೆ. ಹೀಗೆ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಬೆಲೆಯನ್ನು ಏರಿಸುತ್ತಾ ಬಂದವನು ಹರಾಜು ಮುಗಿಯಲು ಸ್ವಲ್ಪ ಹೊತ್ತಿರುವಾಗ ತಟ್ಟನೆ ಮೌನವಾಗುತ್ತಾನೆ. ಇದೊಂದೇ ಸಲ ನಡೆದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆತನ ಹಣ ಅಲ್ಲಿಗೇ ಮುಗಿದಿರಬಹುದು. ಆದರೆ ಹಿಂದಿನ ದಾಖಲೆಗಳನ್ನು ನೋಡಿದಾಗ, ಆತನು ಯಾವಾಗಲೂ ಅದೇ ಮಾರಾಟಗಾರನ ಸರಕಿಗೆ ಮಾತ್ರ ಸವಾಲು ಹಾಕಿದ್ದಾನೆ. ಹಲವು ಸಲ ಹಾಕಿದ್ದರೂ ಒಂದು ಸಲವೂ ಕೊಂಡಿಲ್ಲ. ಆತನ ಖಾತೆಯು ಮೊನ್ನೆ ಮೊನ್ನೆ ತೆರೆದುದಾಗಿದೆ ಎಂದು ಕಂಡುಬಂದರೆ ಸಂಶಯಕ್ಕೆ ಕಾರಣವಿದೆ. ನಿಜವಾಗಿ ಕೊಳ್ಳಬೇಕೆನ್ನುವವನು ಹಲವು ಮಾರಾಟಗಾರರ ಬಳಿ ವಿಚಾರಿಸುತ್ತಾನೆ, ಕಡಿಮೆ ಬೆಲೆಗೆ ಸಿಗಲೆಂದು ಹಾರೈಸುತ್ತಾನೆ, ಒಮ್ಮೆಯಾದರೂ ಗೆಲ್ಲುತ್ತಾನೆ. ಗೆಲ್ಲಬಾರದೆಂದೇ ಆಡುವವನ ಆಟದಲ್ಲಿ ಈ ಲಕ್ಷಣಗಳು ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಒಂದು ತಂತ್ರವೂ ಇದೆ. ಇಬ್ಬರು ಗೆಳೆಯರಲ್ಲಿ ಒಬ್ಬನು ಕಡಿಮೆ ಬೆಲೆಗೆ ಸವಾಲು ಹಾಕುತ್ತಾನೆ. ಇನ್ನೊಬ್ಬನು ಯಾರೂ ಮುಟ್ಟಲಾರದಷ್ಟು ದೊಡ್ಡ ಬೆಲೆಯನ್ನು ಹೇಳಿ ಉಳಿದವರನ್ನು ಹೆದರಿಸಿ ಓಡಿಸುತ್ತಾನೆ. ಕೊನೆಯ ಗಳಿಗೆಯಲ್ಲಿ ದೊಡ್ಡ ಬೆಲೆಯವನು ಹಿಂದೆಗೆಯುತ್ತಾನೆ. ಸರಕು ಕಡಿಮೆ ಬೆಲೆಯವನ ಪಾಲಾಗುತ್ತದೆ. ಸರಕಾರದ ಹಾಗೂ ಬ್ಯಾಂಕುಗಳ ಹರಾಜುಗಳಲ್ಲಿ ಮೊದಲೇ ಠೇವಣಿ ಹಣವನ್ನು ಕಟ್ಟಿಸಿಕೊಳ್ಳುವುದೂ, ಮಾತು ತಪ್ಪಿದವನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದೂ ಇಂಥ ಆಟವನ್ನು ತಡೆಯುವುದಕ್ಕಾಗಿಯೇ.

ಮಹಾಗಾಂವದ ರೈತನನ್ನು ಕಾಡುವುದು ಎರಡನೆಯ ಬಗೆಯ ಹುಸಿ. ಇಲ್ಲಿ ಮಾರುವವನು ಒಬ್ಬನೇ. ಕೊಳ್ಳುವವರು ಒಳಗೊಳಗೇ ಒಂದಾಗಬಹುದು. ಇದನ್ನು ತಿಳಿಯಲು ಕೆಲವು ಕಲ್ಪಿತ ಅಂಕಿಗಳನ್ನು ನೋಡೋಣ. ಒಂದು ಮಾರುಕಟ್ಟೆಯಲ್ಲಿ ಒಂದೇ ದಿನ ಮೂರು ಲಾಟು ತೊಗರಿ ಬಂದಿದೆ. ಒಂದನೆಯದು ಸ್ವಚ್ಛವಾದ ಒಣಕಾಳು, ಎರಡನೆಯದು ಮಧ್ಯಮ, ಮೂರನೆಯದರಲ್ಲಿ ಹೊಟ್ಟು, ಕಲ್ಲು ಸ್ವಲ್ಪ ಹೆಚ್ಚು. ಒಂದನೆಯ ಲಾಟಿಗೆ ಮೊದಲನೆಯ ವ್ಯಾಪಾರಿ ಕ್ವಿಂಟಲಿಗೆ 7,410 ರೂಪಾಯಿ ಹಾಕಿ ಗೆದ್ದಿದ್ದಾನೆ. ಉಳಿದಿಬ್ಬರು 7,200 ಮತ್ತು 7,150 ಹಾಕಿದ್ದಾರೆ. ಎರಡನೆಯ ಲಾಟಿನಲ್ಲಿ ಎರಡನೆಯ ವ್ಯಾಪಾರಿ 7,410ಕ್ಕೆ ಗೆದ್ದಿದ್ದಾನೆ. ಉಳಿದವರು 7,190 ಮತ್ತು 7,160. ಮೂರನೆಯ ಲಾಟಿನಲ್ಲಿ ಮೂರನೆಯ ವ್ಯಾಪಾರಿ, ಬೆಲೆ ಮತ್ತೆ 7,410. ಉಳಿದವರು ಮತ್ತೆ ಇನ್ನೂರಕ್ಕಿಂತ ಹೆಚ್ಚು ಹಿಂದೆ.

ಒಂದೊಂದು ಲಾಟನ್ನು ಬೇರೆಬೇರೆಯಾಗಿ ನೋಡಿದರೆ ಯಾವ ದೋಷವೂ ಕಾಣುವುದಿಲ್ಲ. ಪ್ರತಿಯೊಂದಕ್ಕೂ ಮೂವರು ಸವಾಲು ಹಾಕಿದ್ದಾರೆ, ಹೆಚ್ಚು ಹೇಳಿದವನಿಗೆ ಮಾಲು ದೊರೆತಿದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಗುಣದಲ್ಲಿ ಇಷ್ಟು ವ್ಯತ್ಯಾಸವಿರುವ ಮಾಲಿಗೆ ಗೆದ್ದ ಬೆಲೆಯು ಒಂದು ರೂಪಾಯಿಯೂ ಹೆಚ್ಚು ಕಡಿಮೆಯಿಲ್ಲದೆ ಒಂದೇ ಆಗಿದೆ. ಗೆಲುವು ಸರದಿಯಂತೆ ಒಬ್ಬರಿಂದ ಒಬ್ಬರಿಗೆ ಹೋಗಿದೆ. ಸೋತವರು ಗೆಲ್ಲುವ ಪ್ರಯತ್ನವನ್ನೇ ಮಾಡದಂತೆ ದೂರದಲ್ಲಿ ನಿಂತಿದ್ದಾರೆ. ಅದೇ ದಿನ ನೆರೆಯ ಮಾರುಕಟ್ಟೆಯಲ್ಲಿ ಅದೇ ಬಗೆಯ ಒಣಕಾಳಿಗೆ 7,700 ರೂಪಾಯಿ ನಡೆದಿದ್ದರೆ ಕ್ವಿಂಟಲಿಗೆ 290 ರೂಪಾಯಿ ಅಂತರವಾಯಿತು. ಇಪ್ಪತ್ತು ಕ್ವಿಂಟಲಿಗೆ 5,800 ರೂಪಾಯಿ. ಒಂದು ರೈತ ಕುಟುಂಬಕ್ಕೆ ಅದು ಮುಂದಿನ ಬಿತ್ತನೆಯ ಬೀಜದ ಹಣವಾಗಬಹುದು, ಮಕ್ಕಳ ಒಂದು ವರ್ಷದ ಪುಸ್ತಕ ಬಟ್ಟೆಗಳ ಹಣವಾಗಬಹುದು.

ಸಂಶಯದ ಸವಾಲನ್ನು ಗುರುತಿಸುವ ಮೂಲಸೂತ್ರವು ಇಲ್ಲಿಯೇ ಇದೆ. ಒಂದು ಅಂಕಿಯು ಏನನ್ನೂ ಹೇಳುವುದಿಲ್ಲ; ಹಲವು ಅಂಕಿಗಳ ನಡುವಿನ ಸಂಬಂಧವು ಹೇಳುತ್ತದೆ. ಯಾರು ಹಾಕಿದರು, ಯಾವಾಗ ಹಾಕಿದರು, ಎಷ್ಟು ಅಂತರದಿಂದ ಗೆದ್ದರು, ಯಾರು ಯಾವಾಗಲೂ ಸೋಲುತ್ತಾರೆ, ಯಾರು ಯಾರೊಡನೆ ಎಂದೂ ಸ್ಪರ್ಧಿಸುವುದಿಲ್ಲ ಎಂಬುದನ್ನು ದಿನದಿಂದ ದಿನಕ್ಕೆ ಜೋಡಿಸಿ ನೋಡಬೇಕು. ವಸ್ತ್ರದ ಮರೆಯಲ್ಲಿ ಒತ್ತಿದ ಬೆರಳಿನ ಗುರುತು ಎಲ್ಲಿಯೂ ಉಳಿಯುತ್ತಿರಲಿಲ್ಲ. ಗಣಕಯಂತ್ರದಲ್ಲಿ ಹಾಕಿದ ಪ್ರತಿಯೊಂದು ಬೆಲೆಯೂ ದಿನಾಂಕ, ಗಂಟೆ, ನಿಮಿಷಗಳೊಡನೆ ಉಳಿಯುತ್ತದೆ. ಯಂತ್ರದ ದೊಡ್ಡ ಉಪಕಾರವೆಂದರೆ ಅದು ಮೋಸವನ್ನು ತಾನೇ ತಡೆಯುತ್ತದೆ ಎಂಬುದಲ್ಲ, ಮೋಸದ ಹೆಜ್ಜೆಗುರುತುಗಳನ್ನು ಅಳಿಸದೆ ಉಳಿಸುತ್ತದೆ ಎಂಬುದು.

ಈ ಹೆಜ್ಜೆಗುರುತುಗಳು ಎಷ್ಟು ದೂರ ಕರೆದೊಯ್ಯಬಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. ಟೆಂಡರಿನಲ್ಲಿಯೂ ಹರಾಜಿನಲ್ಲಿಯೂ ಒಳಒಪ್ಪಂದ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯಿದೆ ನಿಷೇಧಿಸಿದೆ. ಅದನ್ನು ವಿಚಾರಿಸಲು ಭಾರತೀಯ ಸ್ಪರ್ಧಾ ಆಯೋಗವಿದೆ. ಪುಣೆ ಮಹಾನಗರಪಾಲಿಕೆಯ ಘನತ್ಯಾಜ್ಯ ಸಂಸ್ಕರಣೆಯ ಟೆಂಡರುಗಳನ್ನು ಕುರಿತು ಆಯೋಗವು 2018ರಲ್ಲಿ ತೀರ್ಪು ನೀಡಿ, ಸ್ಪರ್ಧಿಗಳಂತೆ ತೋರಿಸಿಕೊಂಡ ಕೆಲವರು ಒಳಗೊಳಗೇ ಕೂಡಿಕೊಂಡಿದ್ದರೆಂದು ನಿರ್ಣಯಿಸಿತು. ಬೇರೆಬೇರೆ ಹೆಸರಿನ ಟೆಂಡರುಗಳು ಅಂತರಜಾಲದ ಒಂದೇ ವಿಳಾಸದಿಂದ ಸಲ್ಲಿಕೆಯಾಗಿದ್ದುದು ಅಲ್ಲಿಯ ಸಾಕ್ಷ್ಯಗಳಲ್ಲಿ ಒಂದು. ಹೆಸರುಗಳು ಬೇರೆಯಾಗಿದ್ದರೂ ಬಂದ ದಾರಿ ಒಂದೇ ಆಗಿತ್ತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಸಂಶಯವೇ ಸಾಕ್ಷ್ಯವಲ್ಲ. ಅಸಹಜವಾಗಿ ಕಂಡ ಸವಾಲುಗಳೆಲ್ಲ ಮೋಸದ ಸವಾಲುಗಳಲ್ಲ. ಅವಸರದಲ್ಲಿ ಒಂದು ಸೊನ್ನೆ ಹೆಚ್ಚಾಗಿ ಒತ್ತಿದರೆ 7,400 ರೂಪಾಯಿ 74,000 ಆಗಿಬಿಡುತ್ತದೆ, ಅದು ಕೈತಪ್ಪು. ಕೊನೆಯ ಕ್ಷಣದವರೆಗೆ ಸುಮ್ಮನಿದ್ದು ಆಮೇಲೆ ಸವಾಲು ಹಾಕುವವನನ್ನು ಕಂಡರೆ ಅನೇಕರಿಗೆ ಅನುಮಾನ ಬರುತ್ತದೆ. ಆದರೆ ತನ್ನ ಮನಸ್ಸಿನ ಬೆಲೆ ಇತರರಿಗೆ ತಿಳಿಯಬಾರದೆಂದು ಹಾಗೆ ಮಾಡುವುದು ಜಾಣತನವೇ ಹೊರತು ಮೋಸವಲ್ಲ. ಮಾಲಿನಲ್ಲಿ ತೇವಾಂಶ ಹೆಚ್ಚಿದ್ದರೆ ಬೆಲೆ ಇಳಿಯುವುದು ಸಹಜ. ರಾಶಿಯ ಕಾಲದಲ್ಲಿ ಎಲ್ಲರೂ ಒಮ್ಮೆಗೇ ಮಾಲನ್ನು ತಂದರೂ ಬೆಲೆ ಇಳಿಯುತ್ತದೆ. ಹಲವು ಖರೀದಿದಾರರು ಬೇಳೆ ಗಿರಣಿಗಳ ಪರವಾಗಿ ಕೊಳ್ಳುವವರು. ಒಂದೇ ಗಿರಣಿಯು “ಇದಕ್ಕಿಂತ ಹೆಚ್ಚಿಗೆ ಕೊಳ್ಳಬೇಡಿ” ಎಂದು ಇಬ್ಬರಿಗೆ ಹೇಳಿದ್ದರೆ ಇಬ್ಬರ ಬೆಲೆಯೂ ಒಂದೇ ಆಗಬಹುದು. ಇವನ್ನೆಲ್ಲ ವಿಚಾರಿಸದೆ ವ್ಯಾಪಾರಿಯನ್ನು ಕಳ್ಳನೆಂದು ಕೂಗುವುದೂ ಒಂದು ಬಗೆಯ ಹುಸಿ ಸವಾಲೇ. ಅದರಿಂದ ಪ್ರಾಮಾಣಿಕ ವ್ಯಾಪಾರಿಯ ಮಾನಕ್ಕೆ ಕುಂದು ಬರುತ್ತದೆ. ಅಪ್ರಾಮಾಣಿಕನಿಗೆ ಅವಿತುಕೊಳ್ಳಲು ಗದ್ದಲ ದೊರೆಯುತ್ತದೆ.

ಆದುದರಿಂದ ಗುರುತಿಸಿದ ಮೇಲೆ ಮಾಡಬೇಕಾದ ಕೆಲಸವೂ ಕ್ರಮಬದ್ಧವಾಗಿರಬೇಕು. ಲಾಟ್ ಸಂಖ್ಯೆ, ದಿನಾಂಕ, ತೂಕ, ಬಂದ ಬೆಲೆಗಳನ್ನು ಬರೆದಿಟ್ಟುಕೊಳ್ಳಬೇಕು. ಅದೇ ದಿನದ ನೆರೆಯ ಮಾರುಕಟ್ಟೆಗಳ ಬೆಲೆಯೊಡನೆ ಹೋಲಿಸಬೇಕು. ಕೇಂದ್ರ ಸರಕಾರವು ಪ್ರತಿವರ್ಷ ಪ್ರಕಟಿಸುವ ಬೆಂಬಲ ಬೆಲೆಯನ್ನೂ ತಿಳಿದಿರಬೇಕು. 2025-26ನೆಯ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. ಅನುಮಾನ ಉಳಿದರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಬೇಕು. ದಾಖಲೆಗಳನ್ನು ತೆರೆದು ನೋಡಿ ಸತ್ಯಾಸತ್ಯವನ್ನು ನಿರ್ಣಯಿಸುವುದು ಅಧಿಕಾರವುಳ್ಳವರ ಕರ್ತವ್ಯ.

ಹರಾಜಿನ ನಿಯಮಗಳನ್ನೇ ಉತ್ತಮಪಡಿಸಿ ಹುಸಿಗೆ ಎಡೆಯಿಲ್ಲದಂತೆ ಮಾಡುವುದು ಇನ್ನೂ ದೊಡ್ಡ ಉಪಾಯ. ಈ ವಿಷಯವು ಇಂದು ಅರ್ಥಶಾಸ್ತ್ರದ ಒಂದು ಪ್ರತ್ಯೇಕ ಶಾಖೆಯಾಗಿಯೇ ಬೆಳೆದಿದೆ. ಹರಾಜನ್ನು ಕುರಿತ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ವಿಲಿಯಂ ವಿಕ್ರಿ ಅವರಿಗೆ 1996ರಲ್ಲಿಯೂ, ಅದನ್ನು ಮುಂದುವರಿಸಿದ ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರಲ್ಲಿಯೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಕರ್ನಾಟಕದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ 2019ರಲ್ಲಿ ಎರಡು ಸುತ್ತಿನ ಹರಾಜನ್ನು ಪ್ರಯೋಗಿಸಿ ನೋಡಲಾಯಿತು. ಮೊದಲ ಸುತ್ತಿನಲ್ಲಿ ಮುಂದೆ ನಿಂತವರಿಗೆ ಎರಡನೆಯ ಸುತ್ತಿನಲ್ಲಿ ಬೆಲೆಯನ್ನು ಏರಿಸಲು ಮತ್ತೊಂದು ಅವಕಾಶ ದೊರೆಯಿತು. ಅದರಿಂದ ರೈತರಿಗೆ ದೊರೆತ ಬೆಲೆಯೂ ಹೆಚ್ಚಿತು. ಹರಾಜು ನಡೆಯುವ ಕ್ರಮ ಬದಲಾದರೆ ಅದರ ಫಲವೂ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇಷ್ಟೆಲ್ಲ ಇದ್ದರೂ ಒಂದು ಕಟುಸತ್ಯ ಉಳಿಯುತ್ತದೆ. ಬೆಲೆಯನ್ನು ನಿರಾಕರಿಸುವ ಹಕ್ಕು ಕಾನೂನಿನಲ್ಲಿದ್ದರೂ, ಬಿತ್ತನೆಯ ಕಾಲದಲ್ಲಿ ಅಡತಿಯವನಿಂದ ಸಾಲ ಪಡೆದ ರೈತನು ಆ ಹಕ್ಕನ್ನು ಚಲಾಯಿಸಲು ಅಂಜುತ್ತಾನೆ. ತಂದ ಮಾಲನ್ನು ಮರಳಿ ಒಯ್ಯಲು ಬಾಡಿಗೆ ಬೇಕು. ಮನೆಯಲ್ಲಿ ಖರ್ಚು ಕಾದಿರುತ್ತದೆ. ಹುಸಿ ಸವಾಲು ಹಾಕುವವನಿಗೆ ಬಲ ಬರುವುದು ರೈತನ ಈ ಅಂಜಿಕೆಯಿಂದಲೇ. ಮಾಲನ್ನು ಉಗ್ರಾಣದಲ್ಲಿ ಇಟ್ಟು ಅದರ ಮೇಲೆ ಅಡಮಾನ ಸಾಲವನ್ನು ಪಡೆಯುವ ಸೌಲಭ್ಯವನ್ನು ಕಲ್ಪಿಸಿರುವುದು ರೈತನು ಕೆಲವು ದಿನ ಕಾಯಲು ಶಕ್ತನಾಗಲಿ ಎಂದು. ಕಾಯಬಲ್ಲವನ ಮುಂದೆ ಹುಸಿ ಸವಾಲು ಹೆಚ್ಚು ಹೊತ್ತು ನಿಲ್ಲಲಾರದು.

ನೆಹರು ಗಂಜಿನಲ್ಲಿ ಮಹಾಗಾಂವದ ಆ ಬಾಲಕಿಯು ತನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಪರದೆಯ ಮೇಲಿನ ಅಂಕಿಗಳನ್ನು ಬರೆದುಕೊಳ್ಳುತ್ತಾಳೆ. ಪಕ್ಕದ ಎರಡು ಲಾಟುಗಳ ಬೆಲೆಯನ್ನೂ ಬರೆಯುತ್ತಾಳೆ. ನೆರೆಯ ಮಾರುಕಟ್ಟೆಯ ಅಂದಿನ ಬೆಲೆಯನ್ನು ಮೊಬೈಲಿನಲ್ಲಿ ನೋಡಿ ಅದರ ಕೆಳಗೆ ಬರೆಯುತ್ತಾಳೆ. ಬಳಿಕ ಹಾಳೆಯನ್ನು ತಂದೆಯ ಮುಂದೆ ಹಿಡಿಯುತ್ತಾಳೆ. ತಂದೆ ಬಹಳ ಹೊತ್ತು ಅದನ್ನು ನೋಡುತ್ತಾನೆ. ಮೊದಲ ಸಲ ಆತನ ಕಣ್ಣಿಗೆ ಬೆಲೆಯೊಂದು ಹಣೆಬರಹದಂತೆ ಕಾಣದೆ ಲೆಕ್ಕದಂತೆ ಕಾಣುತ್ತದೆ. ಆತನು ಅಡತಿಯವನ ಗದ್ದಿಗೆಯ ಬಳಿಗೆ ಹೋಗುತ್ತಾನೆ.

“ಸಾವಕಾರ್ರೇ, ಈ ಬೆಲಿಗಿ ಇವತ್ತ ಕೊಡಂಗಿಲ್ಲರೀ. ನಾಳಿಗಿ ಇನ್ನೊಮ್ಮೆ ಟೆಂಡರಿಗಿ ಹಚ್ಚರಿ.”

ಅಡತಿಯವನು ತಲೆಯೆತ್ತಿ ನೋಡುತ್ತಾನೆ. ಮರುಮಾತಾಡದೆ ಚೀಟಿಯ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಮರುದಿನ ಬೆಲೆ ಏರುವುದೋ ಇಳಿಯುವುದೋ ಹೇಳಬಲ್ಲವರಾರು? ಆದರೆ ಕೂಗಿದ ಬೆಲೆಯನ್ನು ಪರೀಕ್ಷಿಸಿ ನೋಡುವವರು ಒಬ್ಬರಾದರೂ ಇದ್ದಾರೆಂಬುದು ಗಂಜಿನಲ್ಲಿ ತಿಳಿಯುತ್ತದೆ. ಸವಾಲೆಂದರೆ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವ ಹಕ್ಕು ಕೊಳ್ಳುವವನಿಗೆ ಮಾತ್ರವಲ್ಲ, ಬೆಳೆದವನಿಗೂ ಇದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸವಾಲು’ ಎಂಬ ಶಬ್ದಕ್ಕೆ ಅರಬ್ಬಿಯಲ್ಲಿ ಏನರ್ಥ?
2. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಯಾವ ವರ್ಷ ಪ್ರಾರಂಭವಾಯಿತು?
3. ಹರಾಜಿನಲ್ಲಿ ಠೇವಣಿ ಹಣವನ್ನು ಏಕೆ ಕಟ್ಟಿಸಿಕೊಳ್ಳುತ್ತಾರೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಾಚಾ ಸವಾಲಿಗೆ ಇರಬೇಕಾದ ಮೂರು ಲಕ್ಷಣಗಳಾವುವು?
2. ಮೂರು ಲಾಟುಗಳ ಉದಾಹರಣೆಯಲ್ಲಿ ಸಂಶಯಕ್ಕೆ ಕಾರಣವಾದ ಅಂಶಗಳನ್ನು ವಿವರಿಸಿರಿ.
3. “ಸಂಶಯವೇ ಸಾಕ್ಷ್ಯವಲ್ಲ.” ಈ ಮಾತನ್ನು ಉದಾಹರಣೆಗಳೊಡನೆ ಸಮರ್ಥಿಸಿರಿ.

ಇ) ಮಾಡಿ ನೋಡಿರಿ.
ನಿಮ್ಮ ಊರಿಗೆ ಸಮೀಪವಿರುವ ಎರಡು ಮಾರುಕಟ್ಟೆಗಳಲ್ಲಿ ಒಂದೇ ಬೆಳೆಗೆ ಒಂದು ವಾರದವರೆಗೆ ನಡೆದ ಬೆಲೆಗಳನ್ನು ಬರೆದುಕೊಳ್ಳಿರಿ. ಅವುಗಳ ಅಂತರಕ್ಕೆ ಇರಬಹುದಾದ ಕಾರಣಗಳನ್ನು ಹಿರಿಯರೊಡನೆ ಚರ್ಚಿಸಿರಿ.